ಸತ್ತ ಹಸಿವಿಗೊಂದು ಲೋಟ

ನಮ್ಮ ಮನೆಯ ಹಿತ್ತಿಲ ಜಗಲಿಯ ಕಿಟಕಿಯಲ್ಲಿ ಒಂದು ಗಾಜಿನ ಲೋಟ ಸದಾ ಬೋರಲು ಬಿದ್ದಿರುತ್ತಿತ್ತು. ೧೯೬೧ರಲ್ಲಿ ನಾನು ಕುಣಿಗಲಿನಿಂದ ಗುಬ್ಬಿಗೆ ಕಿರಿಸೊಸೆಯಾಗಿ ಬಂದ ಹೊಸದರಲ್ಲಿ, ಅಚ್ಚುಕಟ್ಟು ತೋರಿಸುವ ಉತ್ಸಾಹಕ್ಕೆ ಬಿದ್ದು, ಅದನ್ನು ತೊಳೆದು ಅಡುಗೆಮನೆಯ ಲೋಟಗಳ ಸಾಲಿನಲ್ಲಿ ಇಟ್ಟೆ. ಅತ್ತೆ ಕಮಲಾಕ್ಷಮ್ಮ ಅದನ್ನು ಎರಡು ಬೆರಳಲ್ಲಿ ಎತ್ತಿಕೊಂಡು ಹೋಗಿ ಮತ್ತೆ ಕಿಟಕಿಯಲ್ಲೇ ಇಟ್ಟು ಬಂದರು.

"ಅದು ಕೌಸಲ್ಯಂದು ಕಣೇ. ಅದರ ತಂಟೆಗೆ ಹೋಗ್ಬೇಡ" ಅಂದರು.

ಕೌಸಲ್ಯಮ್ಮ ನನ್ನ ಓರಗಿತ್ತಿ. ನನ್ನ ಭಾವ ಶ್ರೀಕಂಠಯ್ಯನವರ ಹೆಂಡತಿ, ತುಮಕೂರಿನ ಹೆಣ್ಣು. ನಾನು ಕೌಸಲ್ಯಕ್ಕ ಅನ್ನುತ್ತಿದ್ದೆ. ಎತ್ತರದ ಒಣಕಲು ಆಳು. ಮಾತು ಕಡಿಮೆ, ಆಡಿದರೆ ಮೊಳೆ ಹೊಡೆದ ಹಾಗೆ. ನನ್ನ ಬಾಯಿಗೂ ಅವಳ ಬಾಯಿಗೂ ಎಣ್ಣೆ ಸೀಗೆಕಾಯಿ ಸಂಬಂಧ ಆಗಬಹುದೆಂದು ಬೀದಿಯವರು ಕಾದಿದ್ದರಂತೆ. ಅವರ ಆಸೆ ಕೈಗೂಡಲಿಲ್ಲ.

ದಿನವೂ ನಮ್ಮ ಹನ್ನೊಂದರ ಊಟಕ್ಕೆ ಮುಂಚೆ, ಹಳೆಯ ಅಭ್ಯಾಸಕ್ಕೆ, ಅವಳು ಆ ಲೋಟ ಹಿಡಿದು ಜಗಲಿಯಲ್ಲಿ ಕೂರುವಳು. ಅರ್ಧ ಹೋಳು ನಿಂಬೆಹಣ್ಣು ಹಿಂಡುವಳು. ಚೂರು ಶುಂಠಿ ಜಜ್ಜಿ, ಬಟ್ಟೆಯಲ್ಲಿಟ್ಟು, ಅದರ ರಸ ಬಿಡುವಳು. ಚಿಟಿಕೆ ಉಪ್ಪು, ಹುರಿದು ಪುಡಿ ಮಾಡಿದ ಜೀರಿಗೆ, ನಾಲಿಗೆಗೆ ಗೊತ್ತಾಗಿಯೂ ಆಗದಷ್ಟು ಬೆಲ್ಲ, ಮೇಲೆ ಹೂಜಿಯ ತಣ್ಣೀರು. ಎಲ್ಲ ಕದಡಿ, ಸೆರಗು ಸರಿಮಾಡಿಕೊಂಡು, ಯಾರೂ ಕರೆಯುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆಯೇ ಕೊನೆಯದಾಗಿ ಒಂದು ಚಿಟಿಕೆ ಅಡುಗೆ ಸೋಡ. ಬುಸ್ಸೆಂದು ನೊರೆ ಲೋಟದ ಕಂಠದವರೆಗೆ ಏಳುವುದು. ಸೋಡ ಒಂದು ಕಾಳು ಹೆಚ್ಚಾದರೂ ಚೌಳು ನೀರಿನ ರುಚಿ. ನೊರೆ ಇರುವಾಗಲೇ ಕುಡಿಯಬೇಕು, ಆರಿದ ಮೇಲೆ ಅದು ಬರೀ ನಿಂಬೆಹಣ್ಣಿನ ನೀರು.

"ನಂಗೂ ಒಂದು ಮಾಡಿಕೊಡೇ ಅಕ್ಕ" ಅಂದರೆ, "ಇದು ಒಬ್ಬರಿಗೇ ಮಾಡ್ಕೊಳೋದು. ಬೇಕಾದ್ರೆ ನೀನೇ ಮಾಡ್ಕೋ" ಅನ್ನುವಳು. ಜಿಪುಣತನ ಅಂದುಕೊಂಡಿದ್ದೆ. ಅದರ ಕಥೆ ಅವಳು ಹೇಳಿದ್ದು ಎಷ್ಟೋ ದಿನದ ಮೇಲೆ, ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದಾಗ.

ಅವಳು ಆ ಮನೆಗೆ ಬಂದಾಗ ಹೆಂಗಸರ ಊಟ ಗಂಡಸರದೆಲ್ಲ ಆದ ಮೇಲೆ. ಆಗ ಎಲ್ಲ ಮನೆಗಳಲ್ಲೂ ಹಾಗೇ, ನಿಜ. ಆದರೆ ನಮ್ಮದು ಕೊಬ್ಬರಿ ಮಂಡಿಯ ಮನೆ. ಮಾವ ಚಂದ್ರಶೇಖರಯ್ಯನವರೂ ಭಾವನೂ ಬೆಳಿಗ್ಗೆಯೇ ಪೂಜೆ, ನೈವೇದ್ಯ ಮುಗಿಸಿ ಮಂಡಿಗೆ ಹೊರಟರೆ, ಗಾಡಿಗಳೆಲ್ಲ ತೂಕವಾಗಿ ಅವರು ಮನೆ ಸೇರುವುದು ಮೂರಕ್ಕೋ ಮೂರೂವರೆಗೋ. ಸಂತೆಯ ದಿನ ಜೊತೆಗೆ ಇಬ್ಬರು ಮೂವರು ಹಳ್ಳಿಯವರು. ಅವರಿಗೇನು, ಮಂಡಿಯ ಪಕ್ಕದ ಹೋಟೆಲಿನಲ್ಲಿ ದೋಸೆ ಬಿದ್ದಿರುತ್ತಿತ್ತು. ಒಳಗಿದ್ದ ಅತ್ತೆ ಸೊಸೆಗೆ ಬೆಳಗಿನ ಒಂದು ಲೋಟ ಕಾಫಿಯೇ ಗತಿ. ಗಂಡಸರು ಉಂಡೆದ್ದ ಮೇಲೆ ಅವರವರ ಗಂಡನ ಎಲೆಯಲ್ಲೇ ಇವರು ಕೂರಬೇಕು. ದೇವರು ಉಂಡು ಮಧ್ಯಾಹ್ನದ ನಿದ್ದೆಯನ್ನೂ ಮುಗಿಸಿರುತ್ತಿದ್ದ. ಇವರು ಮಾತ್ರ ಕಾಯುತ್ತಿದ್ದರು.

ಕಾದೂ ಕಾದೂ ಹಸಿವು ಸತ್ತುಹೋಗುತ್ತದೆ. ಇದು ಕಾದವರಿಗೆ ಗೊತ್ತು. ಹನ್ನೊಂದಕ್ಕೆ ಹೊಟ್ಟೆಯಲ್ಲಿ ಬೆಂಕಿ, ಒಂದಕ್ಕೆ ಸಂಕಟ, ಮೂರಕ್ಕೆ ಏನೂ ಇಲ್ಲ. ಎಲೆಯ ಮುಂದೆ ಕೂತರೆ ಆರಿದ ಅನ್ನ ಗಂಟಲಲ್ಲಿ ಇಳಿಯದು. ಕೌಸಲ್ಯಕ್ಕ ಒಣಗಿದ್ದು ಹೀಗೆ.

ತುಮಕೂರಿನಲ್ಲಿ ಹುಡುಗಿಯಾಗಿದ್ದಾಗ ಅವಳಪ್ಪ ಪೇಟೆಗೆ ಕರೆದುಕೊಂಡು ಹೋದರೆ ಗೋಲಿ ಸೋಡ ಕೊಡಿಸುತ್ತಿದ್ದರಂತೆ. ಅದನ್ನು ಕುಡಿದು ತೇಗಿದರೆ ಮನೆ ಮುಟ್ಟುವ ಹೊತ್ತಿಗೆ ಹೊಟ್ಟೆ ಚುರುಗುಟ್ಟುತ್ತಿತ್ತು. ಅದು ನೆನಪಾಗಿ, ಒಂದು ಸೋಡ ತರಿಸಬಹುದೇ ಎಂದು ಅತ್ತೆಯನ್ನು ಕೇಳಿದಳು.

"ಊರೋರೆಲ್ಲ ಬಾಯಿ ಹಾಕಿರೋ ಬಾಟ್ಲಿ! ಎಂಜಲು ಕಣೇ ಅದು" ಎಂದು ಅತ್ತೆ ಕೈ ಒದರಿದರು.

ಬಾಟಲಿ ಎಂಜಲು. ಗಂಡ ಉಂಡೆದ್ದ ಎಲೆ ಮಾತ್ರ ಎಂಜಲಲ್ಲ! ಇದನ್ನು ನಾನು ಹೇಳುತ್ತಿದ್ದೇನೆ, ಅವಳು ಹೇಳಲಿಲ್ಲ. ಅವಳು ಸುಮ್ಮನೆ ಹಿತ್ತಿಲಿಗೆ ಹೋಗಿ, ಹೊಟ್ಟೆ ಉಬ್ಬರಕ್ಕೆ ಅವಳಜ್ಜಿ ಕೊಡುತ್ತಿದ್ದ ಸೋಡದ ಮದ್ದಿಗೆ ನಿಂಬೆಹಣ್ಣು, ಶುಂಠಿ ಕೂಡಿಸಿ ತನ್ನ ಸೋಡವನ್ನು ತಾನೇ ಕಂಡುಹಿಡಿದಳು. ಮಾವ ಹಿಂದೆಂದೋ ಔಷಧಿ ಕುಡಿದು ಬಿಟ್ಟಿದ್ದ ಗಾಜಿನ ಲೋಟ ಸಿಕ್ಕಿತು. ಗಂಡಸರು ಉಣ್ಣುತ್ತಿರುವಾಗ ಎರಡು ನಿಮಿಷ ಹಿತ್ತಿಲಿಗೆ ಬಂದು ಕುಡಿಯುವಳು. ಆ ಮನೆಯಲ್ಲಿ ಯಾರಿಗೂ ಕಾಯದ ವಸ್ತುವೆಂದರೆ ಆ ನೊರೆಯೊಂದೇ ಎಂದು ಅವಳು ನಗುತ್ತಾ ಹೇಳಿದಳು. ಸತ್ತ ಹಸಿವು ಸ್ವಲ್ಪ ಕಣ್ಣು ಬಿಡುತ್ತಿತ್ತು, ನಾಲ್ಕು ತುತ್ತು ಇಳಿಯುತ್ತಿತ್ತು.

ಆಗಲೇ ಮದುವೆಯಾಗಿ ಏಳು ವರ್ಷ, ಮಕ್ಕಳಿರಲಿಲ್ಲ. ಬಂದವರೆಲ್ಲ "ಏನೂ ವಿಶೇಷ ಇಲ್ವಾ?" ಅನ್ನುವರು. ಶ್ರೀಕಂಠನಿಗೆ ಇನ್ನೊಂದು ಹೆಣ್ಣು ನೋಡಿ ಅಂತ ಮಾವನ ಅಕ್ಕ ಅಲಮೇಲಮ್ಮ ಬಂದಾಗಲೆಲ್ಲ ಗೊಣಗುವರು. ಕೌಸಲ್ಯಕ್ಕನಿಗೆ ಅದು ಕೇಳಿಸಲಿ ಅಂತಲೇ ಗೊಣಗುವರು.

ಹೀಗಿರುವಾಗ ಒಂದು ತಿಂಗಳು ಅವಳು ಹೊರಗಾಗುವ ದಿನ ತಪ್ಪಿತು. ಮಡಿಯ ಮನೆಯಲ್ಲಿ ಅದು ಯಾರಿಗೂ ತಿಳಿಯದೆ ಇರುವ ವಿಷಯವಲ್ಲ. ಅದೇ ವಾರದಲ್ಲಿ ಅತ್ತೆ ಹಿತ್ತಿಲಿಗೆ ಬಂದವರು, ಸೊಸೆ ಕಣ್ಣು ಮುಚ್ಚಿ ಗಟಗಟನೆ ಹುಳಿ ನೀರು ಕುಡಿಯುವುದನ್ನು ಕಂಡರು. ಕಾಲ ಬಳಿ ನಿಂಬೆಯ ಸಿಪ್ಪೆಗಳು ಬಿದ್ದಿದ್ದವು.

ಅತ್ತೆ ಏನೂ ಕೇಳಲಿಲ್ಲ. ಮೂರು ತಿಂಗಳು ತುಂಬುವವರೆಗೆ ಬಾಯಿಬಿಟ್ಟು ಆಡಿದರೆ ದೃಷ್ಟಿಯಾಗುತ್ತದೆ, ಅದಕ್ಕೆ. ಮಾರನೆಯ ದಿನ ನೀರು ಸೇದಿದ ಬಿಂದಿಗೆಯನ್ನು ಅವಳ ಸೊಂಟದಿಂದ ಇಸಿದುಕೊಂಡರು. ಹನ್ನೊಂದಕ್ಕೆ ಅಡುಗೆಮನೆಯ ಮೂಲೆಯಲ್ಲಿ ಹೊಸ ಮುತ್ತುಗದ ಎಲೆ ಹಾಕಿ, ಹಬೆಯಾಡುವ ಅನ್ನಕ್ಕೆ ತುಪ್ಪ ಬಿಟ್ಟು, "ಕೂತ್ಕೊಂಡು ಊಟ ಮಾಡು. ಹಸ್ಕೊಂಡಿರ್ಬಾರದು" ಅಂದರು.

"ಇನ್ನೂ ಅವರು ಬಂದಿಲ್ಲ ಅತ್ತೆ."

"ಬರ್ತಾರೆ ಬಿಡು, ಅವರೇನು ಹಸ್ಕೊಂಡಿರ್ತಾರಾ?"

ಕಾರಣ ಏನೆಂದು ಕೌಸಲ್ಯಕ್ಕನಿಗೆ ತಿಳಿಯಿತು. ಅತ್ತೆ ಆಡದ ಮಾತನ್ನು ಅವಳು ಅಲ್ಲಗಳೆಯುವುದು ಹೇಗೆ? ಅಲ್ಲದೆ ಅವಳಿಗೂ ಆಸೆ ಇತ್ತು. ಇದ್ದರೂ ಇರಬಹುದು ಅಂತ ರಾತ್ರಿ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಮಲಗುತ್ತಿದ್ದಳಂತೆ. ಲೋಟ ಕಿಟಕಿಯಲ್ಲಿ ಧೂಳು ಹಿಡಿಯಿತು. ಹಸಿವು ಸಾಯುವ ಮೊದಲೇ ಊಟವಾದರೆ ಆ ಲೋಟದ ಕೆಲಸವೇನು? ಕೆನ್ನೆ ತುಂಬಿಕೊಂಡಿತು. ಅದನ್ನು ಕಂಡು ಅತ್ತೆಯ ನಂಬಿಕೆ ಇನ್ನೂ ಗಟ್ಟಿಯಾಯಿತು.

ಹತ್ತು ಹನ್ನೆರಡು ದಿನ ನಡೆಯಿತು ಈ ಸುಖ. ಒಂದು ಬೆಳಿಗ್ಗೆ, ನೈವೇದ್ಯವಾಗಿ ಗಂಡಸರು ಮಂಡಿಗೆ ಹೋದ ಮೇಲೆ, ಹಿತ್ತಿಲಿಗೆ ಹೋಗಿದ್ದ ಕೌಸಲ್ಯಕ್ಕನಿಗೆ ತಾನು ಹೊರಗಾಗಿರುವುದು ಗೊತ್ತಾಯಿತು. ಅಲ್ಲೇ ನಿಂತು ಕೂಗಿ ಹೇಳಬೇಕು, ಒಳಗೆ ಕಾಲಿಡಬಾರದು. ಅದು ಪದ್ಧತಿ. ಹೇಳಿದರೆ ಮಗುವೂ ಹೋಯಿತು, ಬಿಸಿ ಅನ್ನವೂ ಹೋಯಿತು, ಅಲಮೇಲಮ್ಮನ ಗೊಣಗಾಟ ಗೆದ್ದಿತು. ಅವಳು ಹೇಳಲಿಲ್ಲ. ಒಳಗೆ ಬಂದು ಎಲೆಯ ಮುಂದೆ ಕೂತಳು.

ಅತ್ತೆ ಹುಳಿ ಬಡಿಸಿದರು. ಒಂದು ತುತ್ತು ಕಲಸಿದಳು. ಬಾಯಿಗೆ ಎತ್ತಲಾಗಲಿಲ್ಲ.

"ಅತ್ತೆ, ನಾನು ಹೊರಗಾಗಿದೀನಿ" ಅಂದಳು. "ಅವತ್ತು ನೀವು ನೋಡಿದ್ದು ಬಯಕೆ ಅಲ್ಲ. ಕಾದೂ ಕಾದೂ ಹಸಿವು ಸತ್ತೋಗಿರತ್ತೆ. ಅದನ್ನ ಎಬ್ಬಿಸ್ಕೊಳಕ್ಕೆ ಅಂತ ಕುಡೀತಿದ್ದೆ."

ಅತ್ತೆ ಸೌಟು ಕೆಳಗಿಟ್ಟರು. ಅಡುಗೆಮನೆ ಮೈಲಿಗೆಯಾಗಿತ್ತು. ಕೂಗಾಡಲಿಲ್ಲ.

"ಅನ್ನ ಬಿಟ್ಟು ಏಳ್ಬೇಡ. ಊಟ ಮುಗಿಸಿ ಆಚೆ ಹೋಗು" ಅಂದರು. ಆಮೇಲೆ ಮಾಡಿದ್ದನ್ನೆಲ್ಲ ಹಸುವಿನ ಕಲಗಚ್ಚಿಗೆ ಸುರಿದು, ತಣ್ಣೀರು ಸ್ನಾನ ಮಾಡಿ, ಒಲೆ ಸಾರಿಸಿ, ಒಬ್ಬರೇ ಇನ್ನೊಮ್ಮೆ ಅಡುಗೆ ಮಾಡಿದರು. ಊಟ ಯಾಕೆ ತಡ ಅಂತ ಕೇಳಿದ ಮಾವನಿಗೆ ಸೌದೆ ಹಸಿ ಅಂದರಂತೆ. ನನಗೆ ಅತ್ತೆಯ ಮೇಲೆ ಇರುವ ಗೌರವದಲ್ಲಿ ಅರ್ಧ ಆ ಒಂದು ಸುಳ್ಳಿಗೆ.

ನಾಲ್ಕನೆಯ ದಿನ ತಲೆಗೆ ನೀರು ಹಾಕಿಕೊಂಡು ಕೌಸಲ್ಯಕ್ಕ ಒಳಗೆ ಬಂದಳು. ಹನ್ನೊಂದಾಯಿತು. ಮೂಲೆಯಲ್ಲಿ ಎಲೆ ಇರಲಿಲ್ಲ. ಅತ್ತೆಯ ಮುಖದಲ್ಲಿ ಸಿಟ್ಟೂ ಇರಲಿಲ್ಲ. ಬಸುರಿಗೆ ಇದ್ದ ಮರ್ಯಾದೆ ಬರೀ ಸೊಸೆಗೆ ಇಲ್ಲ, ಅಷ್ಟೇ. ಹಳೆಯ ದಾರಿಗೆ ಗಾಡಿ ತಾನಾಗಿಯೇ ತಿರುಗಿತ್ತು.

ಕೌಸಲ್ಯಕ್ಕ ಕಿಟಕಿಯ ಲೋಟದ ಕಡೆ ನೋಡಿದಳು. ಆಮೇಲೆ ಒಳಗೆ ಹೋಗಿ ಎರಡು ಹೊಸ ಎಲೆ ಹಾಕಿದಳು. ಎರಡಕ್ಕೂ ಅನ್ನ, ತುಪ್ಪ, ಹುಳಿ ಬಡಿಸಿ, ಒಂದರ ಮುಂದೆ ತಾನು ಕೂತಳು.

"ಅತ್ತೆ, ನಂಗೆ ಹಸಿವಾಗಿದೆ. ನಿಮಗೂ ಆಗಿರತ್ತೆ. ಬನ್ನಿ."

"ಗಂಡಸರ ಊಟ ಆಗಿಲ್ಲ ಕಣೇ!"

"ಹೋದ ವಾರವೂ ಆಗಿರ್ಲಿಲ್ಲ."

"ಅವಾಗಿನ ಮಾತು ಬೇರೆ."

"ಹೊಟ್ಟೆ ಇದೇ ಅಲ್ವಾ ಅತ್ತೆ?"

ಅತ್ತೆ ಬಾಗಿಲಿಗೆ ಒರಗಿ ನಿಂತರು. ಬೀದಿಯ ಕಡೆ ಒಮ್ಮೆ, ಎಲೆಯ ಕಡೆ ಒಮ್ಮೆ ನೋಡಿದರು. ಇವತ್ತು ತವರಿಗೆ ಗಂಟು ಕಟ್ಟಬೇಕಾದೀತು ಅಂದುಕೊಂಡೇ ಕೌಸಲ್ಯಕ್ಕ ಮೊದಲ ತುತ್ತು ಎತ್ತಿದಳು. ಎರಡನೆಯದನ್ನೂ ಎತ್ತಿದಳು. ಆಗ ಅತ್ತೆ ಬೀದಿಬಾಗಿಲಿಗೆ ಹೋಗಿ ಅಗುಳಿ ಹಾಕಿಕೊಂಡು ಬಂದು, ಮೊಣಕಾಲು ಹಿಡಿದು ಮೆಲ್ಲಗೆ ಕೂತರು. ಅನ್ನಕ್ಕೆ ಬೆರಳಿಟ್ಟು ಬಿಸಿ ತಾಗಿ ಹಿಂದಕ್ಕೆಳೆದರು. ಮತ್ತೆ ಕಲಸಿ ಒಂದು ತುತ್ತು ತಿಂದು, ಬಹಳ ಹೊತ್ತು ಅಗಿಯುತ್ತಾ ಇದ್ದರು.

"ನನ್ನ ಕೈಯ ಹುಳಿ ಬಿಸಿಬಿಸೀದು ತಿಂದು ಯಾವ ಕಾಲ ಆಯ್ತೇ" ಅಂದರು. "ವೆಂಕಟೇಶ ಹೊಟ್ಟೇಲಿದ್ದಾಗ ನಮ್ಮತ್ತೆ ಹೀಗೆ ಕೂರಿಸಿ ಹಾಕಿದ್ರು. ಅದೇ ಕಡೆ."

ವೆಂಕಟೇಶ ಅಂದರೆ ನನ್ನ ಗಂಡ. ಅತ್ತೆ ಈ ಮಾತು ಹೇಳಿದ ದಿನ ಅವರು ತುಮಕೂರಿನ ಕಾಲೇಜಿನಲ್ಲಿ ಓದುತ್ತಿದ್ದರು, ಮೀಸೆ ಬಂದಿತ್ತು.