ಡಾನ್ ಕೂತ ಕುರ್ಚಿ

ಮುಂಬೈಯ ಧಾರಾವಿಯಲ್ಲಿ ಸೋಫಾ, ಕುರ್ಚಿಗಳಿಗೆ ರೆಕ್ಸಿನ್ ಹಾಕುವವ ನಾನು. ಚೆಂಬೂರಿನ ಉಡುಪಿ ಹೋಟೆಲೊಂದಕ್ಕೆ ಒಂದೇ ಒಂದು ಕುರ್ಚಿಯ ಸೀಟು ಬದಲಿಸಲು ಕರೆಸಿದ್ದರು. ಮುಟ್ಟುವ ಮೊದಲೇ ವೇಟರ್ ಎಚ್ಚರಿಸಿದ:

"ದೊಡ್ಡ ಡಾನ್ ಒಬ್ಬ ಇದರಲ್ಲಿ ಕೂತಿದ್ದಾಗಲೇ ಗುಂಡು ಬಿದ್ದದ್ದು. ಕೂತವರು ಉದ್ಧಾರ ಆಗುದಿಲ್ಲ. ಯಾರೂ ಕೂರುದಿಲ್ಲ."

ನೋಡಿದರೆ ರೆಕ್ಸಿನ್ ಸವೆದು, ಫೋಮ್ ನಡುವೆ ತಗ್ಗು ಬಿದ್ದಿತ್ತು. "ಯಾರೂ ಕೂಡಂಗಿಲ್ಲಂದ್ರ ಇದು ಹೆಂಗ ಸವೀತು?" ಅಂದೆ. ತಪ್ಪು ನನ್ನದೇ ಎಂಬಂತೆ ನನ್ನನ್ನು ನೋಡಿ ಹೋದ.

ಕೆಲಸ ಮುಗಿಯಿತು. ಸೀಟು ಹಾಕಿದವನೇ ಮೊದಲು ಕೂತು ತೋರಿಸಬೇಕು, ಅದು ನಮ್ಮ ಧಂದೆಯ ರಿವಾಜು. ನಾನೋ ಕೂರದೆ ಸೀಟನ್ನು ಒರೆಸಿದ್ದನ್ನೇ ಒರೆಸುತ್ತ ನಿಂತೆ. ಅಷ್ಟರಲ್ಲಿ ಮಾಲೀಕರು ಬಂದು ಆರಾಮಾಗಿ ಕೂತು ಚಹಾ ಹೇಳಿದರು.

"ಈ ರಶ್ಶಿನಲ್ಲಿ ನನಗೊಂದು ಜಾಗ ಬೇಡ್ವಾ ಮಾರಾಯ್ರೆ? ಡಾನ್ ಕತೆ ಕಟ್ಟಿದ್ದೇ ನಾನು."

"ಹಂಗಾದ್ರ ಶಾಪ ಸುಳ್ಳೇನ್ರಿ?"

"ಹಾಗೇ ಅಂದುಕೊಂಡಿದ್ದೆ. ಎರಡು ವರ್ಷ ದುಡಿದು ಊರಿಗೆ ಹೋಗುವಾ ಅಂತ ಕೂತದ್ದು. ಇಪ್ಪತ್ತಾಯ್ತು, ಏಳ್ಲಿಕ್ಕೇ ಆಗ್ಲಿಲ್ಲ."

ಧಾರಾವಿಗೆ ವಾಪಸ್ ಬಂದವನೇ ನಾನು ದಿನಾ ಕೂತು ಕೆಲಸ ಮಾಡುವ ಸ್ಟೂಲನ್ನು ತಿರುವಿ ತಿರುವಿ ನೋಡಿದೆ. ವಿಜಯಪುರದಿಂದ ನಾನೂ ಎರಡೇ ವರ್ಷಕ್ಕೆಂದು ಬಂದವ. ಇದರ ಮೇಲೆ ಯಾವ ಡಾನ್ ಕೂತಿದ್ದನೋ!