ತೊಗರಿ ವ್ಯಾಪಾರಿಯ ನಾಲಿಗೆ

ಆ ಸಂಜೆ ನನಗೆ ವೈನೂ ಬೇಕಿರಲಿಲ್ಲ, ಗೆಳೆಯರೂ ಬೇಕಿರಲಿಲ್ಲ. ಚಿತ್ತಾಪುರದ ನನ್ನ ಶಾಲೆಯಲ್ಲಿ ಇಡೀ ದಿನ ಪರೀಕ್ಷೆಯ ಮೇಲ್ವಿಚಾರಣೆ ಮಾಡಿ, ಪ್ಯಾಸೆಂಜರ್ ಗಾಡಿಯಲ್ಲಿ ನಿಂತುಕೊಂಡೇ ವಾಡಿಗೆ ಬಂದಿದ್ದೆ. ಕಾಲು ಬಾತಿದ್ದವು. ಆದರೆ ಬರದೇ ಇರುವಂತಿರಲಿಲ್ಲ. ನಮ್ಮ ಮೂವರಲ್ಲಿ ಒಬ್ಬನಿಗೆ, ಸೇಡಂನಲ್ಲಿ ತೊಗರಿ ವ್ಯಾಪಾರ ಮಾಡುವವನಿಗೆ, ಮುಂದಿನ ವಾರ ಹೈದರಾಬಾದಿನಲ್ಲಿ ಆಪರೇಷನ್. ನಾಲಿಗೆಯ ಅರ್ಧ ತೆಗೆಯಬೇಕೆಂದು ಡಾಕ್ಟರು ಹೇಳಿದ್ದರು.

ಅದೇನು ಸಾಮಾನ್ಯ ನಾಲಿಗೆಯೇ! ಒಂದು ಕಾಳು ಕಚ್ಚಿದರೆ ಸಾಕು, ತೇವ ಎಷ್ಟು ಉಳಿದಿದೆ, ಆಡಕಿ ಊರಿನ ಹೊಲದ್ದೋ ಕೊಡ್ಲಿ ಊರಿನದೋ ಎಂದು ಹೇಳಿಬಿಡುತ್ತಿದ್ದ. ತೇವ ಅಳೆಯುವ ಮಷೀನು ಬಂದ ಮೇಲೂ ರೈತರು ಮೊದಲು ನೋಡುತ್ತಿದ್ದದ್ದು ಅವನ ಮುಖವನ್ನೇ.

ಇನ್ನೊಬ್ಬ ಗೆಳೆಯ ವಾಡಿಯ ಸಿಮೆಂಟ್ ಕಾರ್ಖಾನೆಯ ಲ್ಯಾಬಿನವನು. ಮಹಾರಾಷ್ಟ್ರದ ನಾಸಿಕ್‌ಗೆ ಹೋಗಿದ್ದವನು ಮೂರು ಬಾಟಲಿ ವೈನು ತಂದಿದ್ದ. 'ಇಂಥಾ ನಾಲಿಗಿ ಒಮ್ಮೆರ ಇದರ ರುಚಿ ನೋಡಬೇಕಲೇ' ಎಂದು ಹಟ ಹಿಡಿದು, ಸ್ಟೇಷನ್ ಹತ್ತಿರದ ಪರಿಚಯದ ರೆಸ್ಟೋರೆಂಟಿನಲ್ಲಿ ನಮ್ಮನ್ನು ಸೇರಿಸಿದ್ದ. ಜ್ಯೂಸಿನ ಗ್ಲಾಸುಗಳಲ್ಲಿ ಎರಡೆರಡು ಗುಟುಕು ಸುರಿದ. ವೈನಿನ ರುಚಿ ನೋಡುವವರು ನುಂಗುವುದಿಲ್ಲವಂತೆ; ಉಗುಳಲಿಕ್ಕೆಂದು ನಡುವೆ ಒಂದು ಸ್ಟೀಲ್ ಜಗ್ಗು.

'ಬಾಯಾಗ ಹೋದದ್ದು ಉಗುಳೋದಾ?' ಎಂದ ವ್ಯಾಪಾರಿ.

ಒಂದು ಅಗುಳೂ ಹಾಳಾಗಬಾರದೆಂದು ಉಂಡ ತಟ್ಟೆಯನ್ನು ತೊಳೆದು ಆ ನೀರನ್ನೂ ಕುಡಿಯುವ ಮನೆ ಅವನದು. ಮೊದಲ ವೈನು ನುಂಗಿ, ಗ್ಲಾಸಿಗೆ ನೀರು ಹಾಕಿ, ಬೆರಳಾಡಿಸಿ ಅದನ್ನೂ ಕುಡಿದ. ಲ್ಯಾಬಿನವನು ಹೌಹಾರಿದ. 'ಲೇ, ನೀರ ಹಾಕಬ್ಯಾಡೋ! ಎಲ್ಲಾ ಕೆಡಿಸಾಕತ್ತೀ!' ನನಗೆ ನಗಬೇಕೆನಿಸಿತು, ನಗಲಿಕ್ಕೂ ತ್ರಾಣವಿರಲಿಲ್ಲ. ನನ್ನ ಪಾಲಿನದನ್ನು ಔಷಧದ ಹಾಗೆ ಗಟಗಟ ಮುಗಿಸಿ, ರೊಟ್ಟಿ ಯಾವಾಗ ಬರುತ್ತದೋ ಎಂದು ಅಡುಗೆಮನೆಯ ಬಾಗಿಲು ನೋಡುತ್ತ ಕೂತೆ.

ವ್ಯಾಪಾರಿ ಮಾತ್ರ ಪ್ರತಿಯೊಂದಕ್ಕೂ ಕಣ್ಣು ಮುಚ್ಚಿ ತೀರ್ಪು ಕೊಟ್ಟ. ಒಂದರಲ್ಲಿ ನೇರಳೆಹಣ್ಣು, ಒಂದರಲ್ಲಿ ಹುಣಸೆ ಚಿಗುರು. ಲ್ಯಾಬಿನವನು ಸಣ್ಣ ಹುಡುಗನಂತೆ ಹಿಗ್ಗಿ ಎಲ್ಲವನ್ನೂ ಡೈರಿಯಲ್ಲಿ ಬರೆದುಕೊಂಡ.

ಊಟ ಮುಗಿಸಿ ಲ್ಯಾಬಿನವನು ಕೈ ತೊಳೆಯಲು ಎದ್ದು ಹೋದಾಗ ವ್ಯಾಪಾರಿ ನನ್ನ ಕಡೆ ಬಾಗಿದ.

'ನನಗ ಹದಿನೈದು ದಿನ ಆತು, ಏನೂ ರುಚಿ ಹತ್ತಂಗಿಲ್ಲ. ಬರೀ ಉರಿ.'

'ಮತ್ತ ನೇರಳೆಹಣ್ಣು ಅಂದಿ?'

'ಅಂವ ಅಷ್ಟ ದೂರದಿಂದ ಜ್ವಾಕಿಲೆ ತಂದಾನ. ಏನಂತ ಹೇಳ್ಲಿ ಅವಗ?' ನನ್ನ ಮುಖವನ್ನೇ ನೋಡಿದ. 'ನೀ ಹೇಳು. ಖರೇನ ಹೆಂಗಿತ್ತು?'

ನನಗೆ ಗೊತ್ತಿರಲಿಲ್ಲ. ಮೂರನ್ನೂ ಕುಡಿದಿದ್ದೆ, ಒಂದನ್ನೂ ರುಚಿ ನೋಡಿರಲಿಲ್ಲ. ನೆಟ್ಟಗಿದ್ದ ನಾಲಿಗೆ ಇಟ್ಟುಕೊಂಡು ಇಡೀ ಸಂಜೆ ದಣಿವನ್ನೇ ದೊಡ್ಡದು ಮಾಡಿಕೊಂಡಿದ್ದೆ. ನಾಚಿಕೆಯಿಂದ ಹಿಡಿಯಾದೆ.

ಹತ್ತಿರವಿದ್ದ ಬಾಟಲಿಯ ತಳದಲ್ಲಿ ಉಳಿದಿದ್ದನ್ನು ಬಗ್ಗಿಸಿಕೊಂಡು ಬಾಯಲ್ಲಿಟ್ಟು ಹಾಗೇ ಹಿಡಿದೆ. ರೈತರು ಅವನ ಮುಖ ನೋಡುವ ಹಾಗೆ ಅವನು ನನ್ನ ಮುಖ ನೋಡುತ್ತಿದ್ದ. ನುಂಗಿದೆ.

'ಮೊದಲ ಹುಳಿ,' ಅಂದೆ. 'ಆಮ್ಯಾಲೆ ಸ್ವಲ್ಪ ಒಗರು.'

'ಮುಂದ?' ಅಂದ.