ಹಕ್ಕಿ ಕೂತ ಗಿಟಾರ್

ಮದುವೆ ಆರತಕ್ಷತೆಗಳಲ್ಲಿ, ಗಣೇಶನ ಪೆಂಡಾಲುಗಳಲ್ಲಿ ಆರ್ಕೆಸ್ಟ್ರಾದವರ ಜೊತೆ ಗಿಟಾರ್ ನುಡಿಸುತ್ತಿದ್ದ ಕಾಲದಲ್ಲಿ ನನ್ನದು ಅಂತ ಒಂದು ಗಿಟಾರ್ ಇರಲಿಲ್ಲ. ಇದ್ದದ್ದು ತಂಡದ ಯಜಮಾನರದು. ಕಾರ್ಯಕ್ರಮ ಮುಗಿದ ಮೇಲೆ ಅದು ಡ್ರಮ್ಮು, ಸ್ಪೀಕರುಗಳ ಜೊತೆ ವ್ಯಾನ್ ಹತ್ತುತ್ತಿತ್ತು. ನಾನು ಬರಿಗೈಯಲ್ಲಿ ವಿಜಯನಗರದ ಮನೆಗೆ ಬರುತ್ತಿದ್ದೆ. ಆಮೇಲೆ ಲ್ಯಾಪ್‌ಟಾಪ್ ಹಿಡಿದ ಡಿಜೆಗಳು ಬಂದರು. ತಂಡ ಚದುರಿತು.

ಈಗ ಬಿನ್ನಿಪೇಟೆಯ ಒಂದು ಅಪಾರ್ಟ್‌ಮೆಂಟಿನಲ್ಲಿ ಸೂಪರ್‌ವೈಸರ್ ಆಗಿದ್ದೇನೆ. ನೀರಿನ ಟ್ಯಾಂಕರ್ ಬಂತಾ, ಲಿಫ್ಟ್ ಯಾಕೆ ನಿಂತಿದೆ, ಯಾರ ಕಾರು ಯಾರ ಜಾಗದಲ್ಲಿದೆ, ಇಷ್ಟರಲ್ಲೇ ದಿನ ಹೋಗುತ್ತದೆ. ಸಂಜೆ ಮನೆಗೆ ಬಂದವನು ದಿವಾನದ ಮೇಲೆ ಬಿದ್ದುಕೊಳ್ಳುತ್ತೇನೆ. ಟೀವಿ ಹಾಕುವುದಕ್ಕೂ ಬೇಸರ.

ಹೋದ ವರ್ಷ ಒಂದು ಭಾನುವಾರ ರಾಜಾಜಿನಗರದಲ್ಲಿ ನೆಂಟರ ಮನೆಯ ಗೃಹಪ್ರವೇಶ ಮುಗಿಸಿ ಮೆಟ್ರೋ ಕಡೆಗೆ ನಡೆಯುತ್ತಿದ್ದೆವು. ವಾದ್ಯಗಳ ಅಂಗಡಿಯೊಂದರ ಗಾಜಿನ ಮುಂದೆ ಹೆಂಡತಿ ನಿಂತುಬಿಟ್ಟಳು.

"ರೀ, ನೋಡ್ರೀ ಇಲ್ಲಿ. ಇದ್ರ ಮೇಲೆ ಹಕ್ಕಿ ಕೂರ್ಸಿದಾರೆ."

ಹಳೇ ಸ್ಕೂಟರಿನ ತಿಳಿಹಸಿರು ಬಣ್ಣದ ಎಲೆಕ್ಟ್ರಿಕ್ ಗಿಟಾರ್. ಅಂಚಿನ ಸುತ್ತ ಕಪ್ಪು ಬಿಳಿ ಚೌಕಳಿ ಪಟ್ಟಿ. ತಿರುಗಿಸುವ ಗುಂಡಿಗಳು ನಮ್ಮಪ್ಪನ ರೇಡಿಯೋದ ಗುಂಡಿಗಳಂತೆ, ದಂತದ ಬಣ್ಣ. ಕತ್ತಿನ ಉದ್ದಕ್ಕೂ, ಸಾಮಾನ್ಯವಾಗಿ ಬಿಳಿ ಚುಕ್ಕೆ ಇರುವ ಕಡೆಯಲ್ಲೆಲ್ಲ, ಕಪ್ಪೆಚಿಪ್ಪಿನಲ್ಲಿ ಕೊರೆದ ಪುಟ್ಟ ಹಕ್ಕಿಗಳು, ಒಂದೊಂದು ಒಂದೊಂದು ಭಂಗಿಯಲ್ಲಿ.

ಒಳಗೆ ಹೋದೆವು. "ಹಳೇದಲ್ಲ ಸಾರ್, ಹಳೇ ಥರ ಮಾಡಿರೋದು" ಎಂದ ಅಂಗಡಿಯವನು.

"ನಾನು ಹಾಗಲ್ಲಪ್ಪ, ನಿಜವಾಗ್ಲೂ ಹಳಬ" ಎಂದೆ. ಅವನು ನಕ್ಕು, ವೈರ್ ಸಿಕ್ಕಿಸಿ ಕೈಗೆ ಕೊಟ್ಟ.

ಒಂದು ಕಾಲದಲ್ಲಿ ಪ್ರತಿ ಕಾರ್ಯಕ್ರಮದ ಆರಂಭಕ್ಕೆ ನಾನು ಕಣ್ಣು ಮುಚ್ಚಿ ನುಡಿಸುತ್ತಿದ್ದ ಒಂದು ಧಾಟಿಯಿತ್ತು. ಅದನ್ನೇ ಹಿಡಿದೆ. ಅರ್ಧಕ್ಕೆ ಕಿರುಬೆರಳು ಮರಗಟ್ಟಿದಂತಾಗಿ ನಿಂತಿತು. ಮತ್ತೆ ಶುರು ಮಾಡಿದೆ, ಮತ್ತೆ ಅಲ್ಲೇ ನಿಂತಿತು. ಅಂಗಡಿಯವನು ಮರ್ಯಾದೆಗೆ ಮೊಬೈಲ್ ನೋಡುತ್ತಿದ್ದ. ನನಗೆ ಬೆವರು ಬಂತು.

"ಬೇಡ, ಬಾ ಹೋಗೋಣ. ಬೆರಳು ಮಾತು ಕೇಳ್ತಿಲ್ಲ ಕಣೇ."

"ಕೇಳ್ದಿದ್ರೆ ಬಿಡಿ. ಇಷ್ಟು ವರ್ಷ ಇನ್ನೊಬ್ಬರದ್ದನ್ನ ನುಡ್ಸಿದ್ದು ಸಾಕು. ನಿಮ್ಮದು ಅಂತ ಒಂದು ಮನೇಲಿರ್ಲಿ."

ವಾದ ಮಾಡುವಷ್ಟು ತ್ರಾಣ ನನಗಿರಲಿಲ್ಲ. ತಗೊಂಡೆವು. ಮೆಟ್ರೋದಲ್ಲಿ ಅದನ್ನು ಮೊಣಕಾಲಿನ ನಡುವೆ ನಿಲ್ಲಿಸಿಕೊಂಡು ಕೂತಾಗ ಸಂತೋಷಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು.

ಮನೆಯಲ್ಲಿ ಸ್ವಲ್ಪ ದಿನ ನುಡಿಸಿದೆ. ಭಾರಕ್ಕೆ ಹೆಗಲು ಹಿಡಿದುಕೊಂಡಿತು, ಬೆರಳು ಸಡಿಲವಾಗಲಿಲ್ಲ. ಮೆಲ್ಲಗೆ ಬಿಟ್ಟೆ. ಅವಳು ಮಾತ್ರ ಹಳೇ ಕಾಟನ್ ಸೀರೆಯ ತುಂಡಿನಲ್ಲಿ ಅದನ್ನು ಒರೆಸಿಡುತ್ತಿದ್ದಳು. ಒಂದು ಸಂಜೆ ಒರೆಸುತ್ತಲೇ ಕೇಳಿದಳು.

"ನನಗೆ ಹೇಳ್ಕೊಡ್ತೀರಾ?"

"ಈ ವಯಸ್ಸಲ್ಲಾ?"

"ಇನ್ಯಾವ ವಯಸ್ಸಲ್ಲಿ? ನೀವು ಪ್ರೋಗ್ರಾಂ ಪ್ರೋಗ್ರಾಂ ಅಂತ ಓಡಾಡ್ತಿದ್ದಾಗ ಒಂದ್ಸಲನಾದ್ರೂ ಮುಟ್ಟೋಕೆ ಸಿಕ್ಕಿತ್ತಾ ನಂಗೆ?"

ಮಲಗಿದ್ದಲ್ಲಿಂದಲೇ ಹೇಳಿಕೊಡಲು ಶುರು ಮಾಡಿದೆ. ವೈರ್ ಹಾಕದಿದ್ದರೆ ಎಲೆಕ್ಟ್ರಿಕ್ ಗಿಟಾರ್ ಪಕ್ಕದ ಕೋಣೆಗೂ ಕೇಳುವುದಿಲ್ಲ. ಹಾಗಾಗಿ ಮಹಡಿಯ ಮೇಲಿನವರಿಗೆ ಗೊತ್ತಾಗುವ ಭಯವೂ ಇರಲಿಲ್ಲ. ಮೊದಮೊದಲು ಬೆರಳ ತುದಿ ಊದಿಸಿಕೊಂಡು ಬೈದಳು. "ತಂತಿ ಅಲ್ಲ ರೀ ಇದು, ಈಳಿಗೆ ಮಣೆ!" ಸ್ವರಗಳ ಹೆಸರು ಅವಳಿಗೆ ಬೇಡವಾಗಿತ್ತು. ಹಕ್ಕಿಗಳನ್ನೇ ಗುರುತಿಟ್ಟುಕೊಂಡಳು. ರೆಕ್ಕೆ ಬಿಚ್ಚಿದ್ದು, ಕತ್ತು ತಿರುಗಿಸಿದ್ದು, ಕಾಳು ಹೆಕ್ಕೋದು. ನಾನೂ ಕೊನೆಗೆ "ಕಾಳು ಹೆಕ್ಕೋದರ ಪಕ್ಕ ಒತ್ತು" ಎಂದೇ ಹೇಳತೊಡಗಿದೆ.

ಮೊನ್ನೆ ಅಪಾರ್ಟ್‌ಮೆಂಟಿನಲ್ಲಿ ದಿನವಿಡೀ ಲಿಫ್ಟ್ ಕೆಟ್ಟಿತ್ತು. ಎಲ್ಲರ ಬೈಗುಳ ಕೇಳಿ, ಮೆಟ್ಟಿಲು ಹತ್ತಿಳಿದು ಬಂದು ಮಲಗಿದ್ದೆ. ಅವಳು ಗಿಟಾರ್ ತೊಡೆಯ ಮೇಲಿಟ್ಟುಕೊಂಡು, ನಾನು ಅಂಗಡಿಯಲ್ಲಿ ಅರ್ಧಕ್ಕೆ ಬಿಟ್ಟ ಧಾಟಿಯನ್ನು ನಿಧಾನವಾಗಿ ಹುಡುಕುತ್ತಿದ್ದಳು. ತಪ್ಪಿತು. ಹೇಳೋಣವೆಂದು ತಲೆ ಎತ್ತಿದೆ.

"ಸುಮ್ನಿರ್ರಿ. ನಾನೇ ಹುಡುಕ್ತೀನಿ."

ಮತ್ತೆ ತಲೆ ಊರಿದೆ. ಅವಳು ಹುಡುಕುತ್ತಿದ್ದಂತೆಯೇ ನನಗೆ ನಿದ್ದೆ ಹತ್ತಿತು. ಭುಜ ಅಲ್ಲಾಡಿಸಿ ಎಬ್ಬಿಸಿದಾಗ ಗಿಟಾರ್ ಆಗಲೇ ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು.

"ಸಿಕ್ತಾ?" ಎಂದೆ.

"ಸಿಕ್ತು. ನೀವು ಗೊರಕೆ ಹೊಡೀತಿದ್ರಿ. ಏಳಿ, ಮುದ್ದೆ ಆರೋಗತ್ತೆ."